ಹೈಡ್ರೋಜನ್ ಬಂಧ: ಯಾರು ಕೊಡುತ್ತಾರೆ, ಯಾರು ಹಿಡಿಯುತ್ತಾರೆ? ಎಣಿಸಿ ಕಲಿಯುವ ಸಮಗ್ರ ಮಾರ್ಗದರ್ಶಿ

ಪಿಯುಸಿ ಮೊದಲ ವರ್ಷದ ಪರೀಕ್ಷೆಯಲ್ಲಿ ನಾನು ಮೀಥೇನ್ ಅಣುಗಳ ನಡುವೆ ಚುಕ್ಕಿ ಗೆರೆ ಎಳೆದು ಬಂದಿದ್ದೆ. ಮೀಥೇನ್‌ನಲ್ಲಿ ನಾಲ್ಕು ಹೈಡ್ರೋಜನ್ ಇವೆ, ಅಂದ ಮೇಲೆ ಹೈಡ್ರೋಜನ್ ಬಂಧ ಇರಲೇಬೇಕು ಅಂತ ನನ್ನ ಲೆಕ್ಕ. ಉತ್ತರ ಪತ್ರಿಕೆ ಕೈಗೆ ಬಂದಾಗ ಆ ಚಿತ್ರದ ಮೇಲೆ ದೊಡ್ಡ ಕೆಂಪು ಸೊನ್ನೆ.

ಈಗ ವಿಜಯಪುರದಲ್ಲಿ ಸಂಜೆ ಹೊತ್ತು ಪಿಯು ಹುಡುಗರಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ವರ್ಷಕ್ಕೆ ಒಬ್ಬರಾದರೂ ಅದೇ ಗೆರೆ ಎಳೆದು ತರುತ್ತಾರೆ. ಇನ್ನು ಕೆಲವರು ಒಂದೇ ನೀರಿನ ಅಣುವಿನ ಒಳಗಿನ ಓ–ಎಚ್ (ಆಕ್ಸಿಜನ್–ಹೈಡ್ರೋಜನ್) ಗೆರೆಯನ್ನು ತೋರಿಸಿ "ಇದೇ ಅಲ್ವಾ ಸರ್ ಹೈಡ್ರೋಜನ್ ಬಂಧ?" ಅಂತ ಕೇಳುತ್ತಾರೆ. ಹೈಡ್ರೋಜನ್ ಬಂಧ ಅಂದರೆ ಸಾಮಾನ್ಯವಾಗಿ ಒಂದು ಅಣುವಿನ ಹೈಡ್ರೋಜನ್‌ಗೂ ಪಕ್ಕದ ಅಣುವಿನ ಎಲೆಕ್ಟ್ರಾನ್ ಜೋಡಿಗೂ ನಡುವಿನ ಸೆಳೆತ. ತಪ್ಪು ಅವರದಲ್ಲ, ಹೆಸರಿನದು. ಹೆಸರು ಹೈಡ್ರೋಜನ್ನನ್ನು ಮಾತ್ರ ಹೇಳುತ್ತದೆ. ಅದನ್ನು ಒಂದು ಕಡೆಯಿಂದ ಎಳೆಯುವವರು, ಇನ್ನೊಂದು ಕಡೆಯಿಂದ ಹಿಡಿಯುವವರು ಇಬ್ಬರೂ ಬೇಕು ಅನ್ನುವುದನ್ನು ಹೇಳುವುದೇ ಇಲ್ಲ.

ಹಾಗಾಗಿ ನನ್ನ ಕ್ಲಾಸಿನಲ್ಲಿ ವ್ಯಾಖ್ಯೆ ಬಾಯಿಪಾಠ ಇಲ್ಲ. ಚಿತ್ರ ಬಿಡಿಸುವುದು, ಎಣಿಸುವುದು, ಅಷ್ಟೇ. ಒಂದು ಪೆನ್ಸಿಲ್, ಕೆಂಪು ಮತ್ತು ನೀಲಿ ಪೆನ್ನು ತೆಗೆದುಕೊಳ್ಳಿ. ಕೊನೆಗೆ ಒಂದು ರೂಪಾಯಿಯ ನಾಣ್ಯ ಮತ್ತು ಎರಡು ಬಟ್ಟಲು ಜೋಳದ ಹಿಟ್ಟು ಕೂಡ ಬೇಕಾಗುತ್ತದೆ.

ಹೆಜ್ಜೆ 1: ಅಣುವನ್ನು ಪೂರ್ತಿ ಬಿಡಿಸಿ

ಸೂತ್ರ ಬರೆದರೆ ಸಾಲದು. ಯಾವ ಪರಮಾಣು ಯಾವುದಕ್ಕೆ ಅಂಟಿದೆ ಅಂತ ಕಾಣಬೇಕು. ಎಥೆನಾಲ್ ಮತ್ತು ಡೈಮೀಥೈಲ್ ಈಥರ್ ತೆಗೆದುಕೊಳ್ಳಿ. ಎರಡರಲ್ಲೂ ಎರಡು ಕಾರ್ಬನ್, ಆರು ಹೈಡ್ರೋಜನ್, ಒಂದು ಆಕ್ಸಿಜನ್. ತೂಕವೂ ಒಂದೇ. ಆದರೆ ಎಥೆನಾಲ್ ಕುದಿಯುವುದು 78 ಡಿಗ್ರಿಯಲ್ಲಿ, ಈಥರ್ ಕುದಿಯುವುದು ಸೊನ್ನೆಗಿಂತ 24 ಡಿಗ್ರಿ ಕೆಳಗೆ. ನೂರು ಡಿಗ್ರಿಗೂ ಜಾಸ್ತಿ ವ್ಯತ್ಯಾಸ! ಬಿಡಿಸಿ ನೋಡಿದರೆ ಕಾರಣ ಕಣ್ಣಿಗೇ ಬೀಳುತ್ತದೆ. ಎಥೆನಾಲ್‌ನಲ್ಲಿ ಒಂದು ಹೈಡ್ರೋಜನ್ ಆಕ್ಸಿಜನ್‌ಗೆ ಅಂಟಿದೆ. ಈಥರ್‌ನಲ್ಲಿ ಆಕ್ಸಿಜನ್‌ನ ಎರಡೂ ಬದಿಗೆ ಕಾರ್ಬನ್ ಇದೆ.

ಬಿಡಿಸುವಾಗ ಲೋನ್ ಪೇರ್, ಅಂದರೆ ಬಂಧದಲ್ಲಿ ಸೇರದೆ ಉಳಿದ ಎಲೆಕ್ಟ್ರಾನ್ ಜೋಡಿಗಳನ್ನೂ ಚುಕ್ಕಿಯಿಟ್ಟು ತೋರಿಸಿ. ಮಾಮೂಲಿ ಅಣುಗಳಲ್ಲಿ ನೈಟ್ರೋಜನ್ ಮೇಲೆ ಒಂದು ಜೋಡಿ, ಆಕ್ಸಿಜನ್ ಮೇಲೆ ಎರಡು, ಫ್ಲೋರಿನ್ ಮೇಲೆ ಮೂರು. ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ಆಮೇಲೆ ಹೈಡ್ರೋಜನ್ ಯಾವುದಕ್ಕೆ ಜೋಡಿಸಬೇಕು ಅಂತ ತಿಳಿಯದೆ ಸುಮ್ನೆ ಎಲ್ಲೆಲ್ಲೋ ಗೆರೆ ಎಳೆಯುತ್ತಾರೆ.

ಹೆಜ್ಜೆ 2: ಕೊಡುವ ಹೈಡ್ರೋಜನ್‌ಗೆ ಕೆಂಪು ಸುತ್ತು ಹಾಕಿ

ನೈಟ್ರೋಜನ್, ಆಕ್ಸಿಜನ್ ಅಥವಾ ಫ್ಲೋರಿನ್‌ಗೆ ನೇರವಾಗಿ ಅಂಟಿದ ಹೈಡ್ರೋಜನ್‌ಗೆ ಮಾತ್ರ ಕೆಂಪು ಸುತ್ತು. ಉಳಿದವನ್ನು ಮುಟ್ಟಬೇಡಿ.

ಈ ಮೂವರೇ ಯಾಕೆ? ಬಂಧದಲ್ಲಿರುವ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆಗೆ ಎಳೆದುಕೊಳ್ಳುವ ಗುಣಕ್ಕೆ ಎಲೆಕ್ಟ್ರೋನೆಗೆಟಿವಿಟಿ ಅನ್ನುತ್ತಾರೆ. ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ ಇದಕ್ಕೆ ಅಂಕಿ ಕೊಟ್ಟರು. ಅವರ ಹೆಸರಿನ ಮಾಪಕದಲ್ಲಿ ಈಗ ಹೈಡ್ರೋಜನ್‌ಗೆ 2.20, ಕಾರ್ಬನ್‌ಗೆ 2.55, ನೈಟ್ರೋಜನ್‌ಗೆ 3.04, ಆಕ್ಸಿಜನ್‌ಗೆ 3.44, ಫ್ಲೋರಿನ್‌ಗೆ 3.98. ಕಾರ್ಬನ್ ಮತ್ತು ಹೈಡ್ರೋಜನ್ ಹೆಚ್ಚುಕಮ್ಮಿ ಸಮಬಲದವು. ಹಾಗಾಗಿ ಮೀಥೇನ್‌ನಲ್ಲಿ ಎಲೆಕ್ಟ್ರಾನ್‌ಗಳು ಅಂಥಾ ದೂರ ಸರಿಯುವುದಿಲ್ಲ. ನನ್ನ ಸೊನ್ನೆಗೆ ಕಾರಣ ಇದೇ. ಆಕ್ಸಿಜನ್ ಹಾಗಲ್ಲ. ಅದು ಎಲೆಕ್ಟ್ರಾನ್ ಜೋಡಿಯನ್ನು ತನ್ನತ್ತ ಜಗ್ಗುತ್ತದೆ. ಆಗ ಆಕ್ಸಿಜನ್ ಸ್ವಲ್ಪ ಮೈನಸ್, ಹೈಡ್ರೋಜನ್ ಸ್ವಲ್ಪ ಪ್ಲಸ್.

ಇಲ್ಲಿ ಹೈಡ್ರೋಜನ್‌ನ ಬಡತನವೇ ಮುಖ್ಯ. ಅದಕ್ಕಿರುವುದು ಒಂದೇ ಎಲೆಕ್ಟ್ರಾನ್. ಬೇರೆ ಪರಮಾಣುಗಳಿಗೆ ಹೊರಗಿನ ಎಲೆಕ್ಟ್ರಾನ್ ಸರಿದರೂ ಒಳಗೆ ಇನ್ನೊಂದು ಪದರ ಇರುತ್ತದೆ. ಹೈಡ್ರೋಜನ್‌ಗೆ ಒಳ ಅಂಗಿಯೇ ಇಲ್ಲ! ಇದ್ದೊಂದು ಎಲೆಕ್ಟ್ರಾನ್ ಆಕ್ಸಿಜನ್ ಕಡೆ ಸರಿದರೆ, ಆಚೆ ಬದಿಯಲ್ಲಿ ಅದರ ನಡುವಿನ ಪ್ಲಸ್ ಕಣ, ಅಂದರೆ ಪ್ರೋಟಾನ್, ಅರೆಬೆತ್ತಲಾಗಿ ನಿಲ್ಲುತ್ತದೆ. ಗಾತ್ರವೂ ಪುಟ್ಟದು. ಹೀಗಾಗಿ ಪಕ್ಕದ ಅಣುವಿನ ಎಲೆಕ್ಟ್ರಾನ್ ಜೋಡಿ ಅದರ ತೀರಾ ಹತ್ತಿರ ಬರಬಹುದು.

ಹೆಜ್ಜೆ 3: ಹಿಡಿಯುವ ಜೋಡಿಗೆ ನೀಲಿ ಸುತ್ತು

ಈಗ ಪಕ್ಕದ ಅಣುವಿಗೆ ಹೋಗಿ. ಅದರ ನೈಟ್ರೋಜನ್, ಆಕ್ಸಿಜನ್, ಫ್ಲೋರಿನ್ ಮೇಲಿನ ಲೋನ್ ಪೇರ್‌ಗಳಿಗೆ ನೀಲಿ ಸುತ್ತು ಹಾಕಿ. ಪುಸ್ತಕಗಳು ಕೆಂಪನ್ನು ಡೋನರ್, ನೀಲಿಯನ್ನು ಅಕ್ಸೆಪ್ಟರ್ ಅನ್ನುತ್ತವೆ.

ಕೆಂಪೂ ಇದ್ದು ನೀಲಿಯೂ ಇದ್ದರೆ ಬಂಧ ಆಗಬಹುದು. ಒಂದೇ ಬಣ್ಣ ಇದ್ದರೆ ಇಲ್ಲ. ಈಥರ್‌ನಲ್ಲಿ ನೀಲಿ ಇದೆ, ಕೆಂಪಿಲ್ಲ. ಹಾಗಾಗಿ ಈಥರ್ ಈಥರ್ ನಡುವೆ ಈ ಬಂಧ ಆಗದು. ಆದರೆ ಪಕ್ಕಕ್ಕೆ ನೀರು ಬಂದರೆ ನೀರಿನ ಕೆಂಪು, ಈಥರ್‌ನ ನೀಲಿ ಕೂಡುತ್ತವೆ. ಅಸಿಟೋನ್ ಕಥೆಯೂ ಇದೇ. ಅದರಲ್ಲಿ ಕೊಡುವ ಹೈಡ್ರೋಜನ್ ಇಲ್ಲ. ಆದರೂ ನೀರಿನಲ್ಲಿ ಎಷ್ಟು ಬೇಕಾದರೂ ಬೆರೆಯುತ್ತದೆ. ಸೀಮೆಎಣ್ಣೆಯಲ್ಲಿ ಎರಡೂ ಬಣ್ಣ ಇಲ್ಲ. ಅದು ನೀರಿನ ಮೇಲೆ ತೇಲುತ್ತಲೇ ಇರುತ್ತದೆ.

"ಸರ್, ಕ್ಲೋರಿನ್‌ಗೆ 3.16 ಇದೆಯಲ್ಲ, ನೈಟ್ರೋಜನ್‌ಗಿಂತ ಜಾಸ್ತಿ. ಅದ್ಯಾಕೆ ಬೇಡ?" ಜಾಣ ಹುಡುಗಿಯೊಬ್ಬಳು ಪ್ರತಿ ಬ್ಯಾಚಿನಲ್ಲೂ ಇದನ್ನು ಕೇಳುತ್ತಾಳೆ. ಒಳ್ಳೆಯ ಪ್ರಶ್ನೆ. ಕ್ಲೋರಿನ್ ದೊಡ್ಡ ಪರಮಾಣು. ಅದರ ಎಲೆಕ್ಟ್ರಾನ್ ಜೋಡಿಗಳು ಅಗಲಕ್ಕೆ ಹರಡಿಕೊಂಡಿರುತ್ತವೆ, ಒಂದು ಕಡೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಹಿಡಿತ ಸಿಗುತ್ತದೆ, ಆದರೆ ಸಡಿಲ. ಪರೀಕ್ಷೆಗೆ ಮೂರೇ ಹೆಸರು ನೆನಪಿಡಿ. ಪ್ರಕೃತಿ ಮಾತ್ರ ಅಷ್ಟು ಕಟ್ಟುನಿಟ್ಟಲ್ಲ.

ಈ ಮಾತಿಗೆ ನಮ್ಮ ರಾಜ್ಯದ್ದೇ ನಂಟಿದೆ. ಈ ಬಂಧದ ವಿಚಾರವನ್ನು 1920ರಲ್ಲಿ ಲ್ಯಾಟಿಮರ್ ಮತ್ತು ರೋಡ್‌ಬುಶ್ ಎಂಬ ರಸಾಯನ ವಿಜ್ಞಾನಿಗಳು ತಮ್ಮ ಪ್ರಬಂಧದಲ್ಲಿ ಮಂಡಿಸಿದ್ದರು. ಸುಮಾರು 90 ವರ್ಷ ಆದ ಮೇಲೆ, 2011ರಲ್ಲಿ, ರಸಾಯನ ವಿಜ್ಞಾನದ ಅಂತರರಾಷ್ಟ್ರೀಯ ಒಕ್ಕೂಟ ಐಯುಪಿಎಸಿ ಇದಕ್ಕೆ ಹೊಸ ವ್ಯಾಖ್ಯೆ ಕೊಟ್ಟಿತು. ಆ ಕೆಲಸದ ಮುಂಚೂಣಿಯಲ್ಲಿದ್ದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇ. ಅರುಣನ್. ಹೊಸ ವ್ಯಾಖ್ಯೆ ಮೂರು ಹೆಸರಿಗೆ ಸೀಮಿತವಲ್ಲ. ಬಂಧ ಆಗಿರುವುದಕ್ಕೆ ಪುರಾವೆ ಇದೆಯೇ ಅಂತ ಅದು ಕೇಳುತ್ತದೆ. ಹೈಡ್ರೋಜನ್ ಸಲ್ಫೈಡ್‌ನ ಎರಡು ಅಣುಗಳು ಅತಿ ತಣ್ಣಗಿರುವಾಗ ಹೈಡ್ರೋಜನ್ ಬಂಧದಿಂದಲೇ ಜೋಡಿಯಾಗುತ್ತವೆ ಅಂತ 2018ರಲ್ಲಿ ತೋರಿಸಿದ ತಂಡದಲ್ಲೂ ಅರುಣನ್ ಇದ್ದರು. ಎರಡನೇ ಪಿಯುಸಿಯಲ್ಲಿ ಈ ಬಗ್ಗೆ ಬರೆದರೆ ಅಂಕ ಬರುತ್ತದೋ ಇಲ್ಲವೋ, ತಿಳಿದಿರಲಿ.

ಹೆಜ್ಜೆ 4: ಕೆಂಪೆಷ್ಟು, ನೀಲಿಯೆಷ್ಟು ಎಣಿಸಿ

ನನ್ನ ಪ್ರಕಾರ ಇಡೀ ಪಾಠದ ತಿರುಳು ಇಲ್ಲಿದೆ. ಇಲ್ಲಿ ಅವಸರ ಬೇಡ.

ಒಂದೊಂದೇ ಬಂಧ ನೋಡಿದರೆ ಹೈಡ್ರೋಜನ್ ಫ್ಲೋರೈಡ್‌ನದು ನೀರಿನದಕ್ಕಿಂತ ಗಟ್ಟಿ. ಆದರೆ ಅದು ಕುದಿಯುವುದು ಸುಮಾರು 19.5 ಡಿಗ್ರಿಯಲ್ಲಿ. ನೀರು ಕುದಿಯುವುದು 100ರಲ್ಲಿ. ಅಮೋನಿಯಾ ಸೊನ್ನೆಗಿಂತ 33 ಡಿಗ್ರಿ ಕೆಳಗೇ ಕುದಿಯುತ್ತದೆ. ಗಟ್ಟಿ ಬಂಧದವನು ಸೋತದ್ದು ಹೇಗೆ?

ನಮ್ಮೂರಿನ ಸಿದ್ಧೇಶ್ವರ ಜಾತ್ರೆ ನೋಡಿದವರಿಗೆ ದನದ ಸಂತೆ ಗೊತ್ತು. 100 ಎತ್ತು ಬಂದಿವೆ, 300 ಗೂಟ ನೆಟ್ಟಿದ್ದಾರೆ ಅಂದುಕೊಳ್ಳಿ. ಕಟ್ಟಬಹುದಾದದ್ದು 100 ಎತ್ತು ಮಾತ್ರ, 200 ಗೂಟ ಖಾಲಿ. ಇನ್ನೊಂದು ಕಡೆ 300 ಎತ್ತು, 100 ಗೂಟ. ಒಂದು ಗೂಟಕ್ಕೆ ಒಂದೇ ಎತ್ತು ಅಂತಾದರೆ ಅಲ್ಲೂ ಕಟ್ಟಬಹುದಾದದ್ದು 100 ಮಾತ್ರ. ಮೂರನೆಯ ಕಡೆ 200 ಎತ್ತು, 200 ಗೂಟ. ಒಂದೂ ಬಾಕಿ ಉಳಿಯುವುದಿಲ್ಲ.

ಎತ್ತಿನ ಜಾಗದಲ್ಲಿ ಕೆಂಪು, ಗೂಟದ ಜಾಗದಲ್ಲಿ ನೀಲಿ ಇಡಿ. 100 ಹೈಡ್ರೋಜನ್ ಫ್ಲೋರೈಡ್ ಅಣುಗಳಲ್ಲಿ ಕೆಂಪು 100, ನೀಲಿ 300. 100 ಅಮೋನಿಯಾದಲ್ಲಿ ಕೆಂಪು 300, ನೀಲಿ 100. ಎರಡರಲ್ಲೂ ಅಣುವಿಗೆ ಒಂದರಂತೆ ಬಂಧ. 100 ನೀರಿನ ಅಣುಗಳಲ್ಲಿ ಕೆಂಪು 200, ನೀಲಿ 200. ಅಣುವಿಗೆ ಎರಡರಂತೆ ಬಂಧ. ನೀರಿನ ದೊಡ್ಡಸ್ತಿಕೆ ಬಂಧದ ಗಟ್ಟಿತನದಲ್ಲಿಲ್ಲ, ಈ ಸರಿಜೋಡಿಯಲ್ಲಿದೆ.

ಇಲ್ಲಿ ಎಲ್ಲರೂ ಎಡವುವ ಒಂದು ಕಲ್ಲಿದೆ. ಒಂದು ನೀರಿನ ಅಣುವಿನ ಸುತ್ತ ನಾಲ್ಕು ಬಂಧ ಕಾಣುತ್ತವೆ: ಎರಡು ಕೊಟ್ಟದ್ದು, ಎರಡು ಹಿಡಿದದ್ದು. ಹಾಗಾದರೆ ಅಣುವಿಗೆ ನಾಲ್ಕಲ್ಲವೇ? ಅಲ್ಲ. ಪ್ರತಿ ಬಂಧಕ್ಕೂ ಇಬ್ಬರು ಪಾಲುದಾರರು. ಹೊಲದ ನಡುವಿನ ಬದು ಎರಡೂ ಹೊಲದವರದು, ಅದನ್ನು ಎರಡು ಸಲ ಎಣಿಸಬಾರದು. ನಾಲ್ಕರ ಅರ್ಧ ಎರಡು.

ಹೆಜ್ಜೆ 5: ನೇರಕ್ಕೆ ತಂದು ಚುಕ್ಕಿ ಗೆರೆ ಎಳೆಯಿರಿ

ಒಂದು ಅಣುವಿನ ಕೆಂಪಿನಿಂದ ಇನ್ನೊಂದು ಅಣುವಿನ ನೀಲಿಗೆ ಚುಕ್ಕಿ ಗೆರೆ. ಪೂರ್ತಿ ಗೆರೆ ಅಣುವಿನ ಒಳಗಿನ ಸಹವೇಲೆನ್ಸಿ ಬಂಧಕ್ಕೆ, ಅಂದರೆ ಎಲೆಕ್ಟ್ರಾನ್ ಹಂಚಿಕೊಂಡು ಆದ ಬಂಧಕ್ಕೆ ಮೀಸಲು. ಆಕ್ಸಿಜನ್, ಹೈಡ್ರೋಜನ್, ಆಚೆಯ ಆಕ್ಸಿಜನ್ ಮೂರೂ ಆದಷ್ಟು ಒಂದೇ ಸಾಲಿನಲ್ಲಿ ಬರಲಿ. ಸಾಲು ಬಾಗಿದಷ್ಟೂ ಬಂಧ ಸಡಿಲವಾಗುತ್ತದೆ.

ಉದ್ದವನ್ನೂ ನೋಡಿ. ಅಣುವಿನ ಒಳಗಿನ ಓ–ಎಚ್ ಬಂಧದ ಉದ್ದ 0.96 ಆಂಗ್‌ಸ್ಟ್ರಾಮ್. (ಒಂದು ಸೆಂಟಿಮೀಟರ್‌ನ್ನು 10 ಕೋಟಿ ಭಾಗ ಮಾಡಿದರೆ ಒಂದು ಭಾಗ ಒಂದು ಆಂಗ್‌ಸ್ಟ್ರಾಮ್.) ಚುಕ್ಕಿ ಗೆರೆಯ ಉದ್ದ 1.8ರಿಂದ 1.9. ಅಂದರೆ ಹೆಚ್ಚುಕಮ್ಮಿ ಎರಡು ಪಟ್ಟು. ಹಾಗಾದರೆ ದೂರ ಇದೆ, ಬಂಧ ಯಾಕೆ ಅನ್ನಬೇಕು ಅಂತೀರಾ? ಯಾವ ಸೆಳೆತವೂ ಇಲ್ಲದೆ ಸುಮ್ನೆ ಮೈಗೆ ಮೈ ತಾಗಿಸಿ ನಿಂತಿದ್ದರೆ ಹೈಡ್ರೋಜನ್ ಮತ್ತು ಆಕ್ಸಿಜನ್ ನಡುವೆ ಸುಮಾರು 2.7 ಆಂಗ್‌ಸ್ಟ್ರಾಮ್ ಇರಬೇಕಿತ್ತು. ಅದಕ್ಕಿಂತ ಇಷ್ಟು ಒಳಗೆ ಬಂದಿವೆ ಅಂದರೆ ಏನೋ ಎಳೆದಿದೆ.

ನೀರಿನ ಒಂದು ಅಣುವಿನ ಸುತ್ತ ನಾಲ್ಕೂ ಗೆರೆ ಎಳೆದು ನೋಡಿ. ಕಾಗದದ ಮೇಲೆ ಅಧಿಕ ಚಿಹ್ನೆಯಂತೆ ಕಾಣುತ್ತದೆ, ನಿಜದಲ್ಲಿ ಅದು ನಾಲ್ಕು ಮೂಲೆಯ ಗೋಪುರ. ಐಸ್‌ನಲ್ಲಿ ಎಲ್ಲ ಅಣುಗಳೂ ಹೀಗೆ ನಾಲ್ಕು ಕಡೆ ಕೈಚಾಚಿ ನಿಲ್ಲುತ್ತವೆ. ಅಷ್ಟು ಶಿಸ್ತಾಗಿ ನಿಲ್ಲಲು ನಡುವೆ ಖಾಲಿ ಜಾಗ ಬಿಡಬೇಕಾಗುತ್ತದೆ. ಅದಕ್ಕೇ ನೀರಿನ ಸಾಂದ್ರತೆ 1 ಅಂತ ಹಿಡಿದರೆ ಐಸ್‌ನದು 0.917 ಮಾತ್ರ, ಅದಕ್ಕೇ ಅದು ನೀರಿನ ಮೇಲೆ ತೇಲುತ್ತದೆ. ಗಟ್ಟಿಯಾದ ಹೈಡ್ರೋಜನ್ ಸಲ್ಫೈಡ್‌ನಲ್ಲಿ ಈ ಶಿಸ್ತಿಲ್ಲ. ಒಂದು ಅಣುವಿನ ಸುತ್ತ 12 ಅಣುಗಳು ಗೋಣಿಚೀಲದ ಲಿಂಬೆಹಣ್ಣಿನಂತೆ ಒತ್ತಿಕೊಂಡಿರುತ್ತವೆ.

ಹೆಜ್ಜೆ 6: ತಾಳೆ ನೋಡಿ

ಬಲದ ಅಂದಾಜು ಮೊದಲು. ಓ–ಎಚ್ ಸಹವೇಲೆನ್ಸಿ ಬಂಧ ಮುರಿಯಲು ಮೋಲ್‌ಗೆ (ಅಣು, ಬಂಧಗಳನ್ನು ಎಣಿಸುವ ಒಂದು ದೊಡ್ಡ ಅಳತೆ) ಸುಮಾರು 460 ಕಿಲೋಜೂಲ್ ಬೇಕು. ನೀರಿನ ಹೈಡ್ರೋಜನ್ ಬಂಧಕ್ಕೆ 20ರಿಂದ 25 ಸಾಕು. ಅದಕ್ಕೇ ನೀರು ಕುದಿಸಿದರೆ ಆವಿ ಬರುತ್ತದೆ, ಹೈಡ್ರೋಜನ್ ಮತ್ತು ಆಕ್ಸಿಜನ್ ಅನಿಲ ಬರುವುದಿಲ್ಲ. ಚುಕ್ಕಿ ಗೆರೆಗಳು ಹರಿಯುತ್ತವೆ, ಪೂರ್ತಿ ಗೆರೆಗಳು ಹಾಗೇ ಇರುತ್ತವೆ.

ಈಗ ನಮ್ಮ ಎಣಿಕೆ ಸರಿಯೋ ನೋಡೋಣ. 18 ಗ್ರಾಂ ಐಸನ್ನು, ಅಂದರೆ ಒಂದು ಮೋಲ್, ನೇರವಾಗಿ ಆವಿ ಮಾಡಲು ಸುಮಾರು 51 ಕಿಲೋಜೂಲ್ ಬೇಕು. ಅಣುವಿಗೆ ಎರಡು ಬಂಧ ಅಂದಿದ್ದೆವು. 51ನ್ನು ಎರಡರಿಂದ ಭಾಗಿಸಿದರೆ 25ರ ಆಸುಪಾಸು. ಬೇರೆ ಸಣ್ಣಪುಟ್ಟ ಸೆಳೆತಗಳ ಪಾಲೂ ಇದರಲ್ಲಿ ಸೇರಿದೆ, ಆದರೂ ಲೆಕ್ಕ ಕೂಡಿಬಂತು ಅಲ್ವಾ? ಅದೇ ಐಸ್ ಕರಗಲು 6 ಕಿಲೋಜೂಲ್ ಸಾಕು. 51ರಲ್ಲಿ 6, ಅಂದರೆ ಎಂಟರಲ್ಲಿ ಒಂದು ಪಾಲು. "ಐಸ್ ಕರಗಿದಾಗ ಹೈಡ್ರೋಜನ್ ಬಂಧಗಳೆಲ್ಲ ಮುರಿಯುತ್ತವೆ" ಅಂತ ಬರೆಯುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ.

ನೀರಿನಲ್ಲಿ ಬಂಧಗಳು ಉಳಿದಿರುತ್ತವೆ, ಆದರೆ ಒಂದೇ ಜೋಡಿಯ ನಡುವೆ ಅಲ್ಲ. ಒಂದು ಬಂಧದ ಆಯುಷ್ಯ ಸುಮಾರು ಒಂದು ಪಿಕೋಸೆಕೆಂಡ್. ಸೆಕೆಂಡನ್ನು ಒಂದು ಲಕ್ಷ ಕೋಟಿ ಭಾಗ ಮಾಡಿ, ಅದರಲ್ಲಿ ಒಂದು. ಜಾತ್ರೆಯ ನೂಕುನುಗ್ಗಲಿನಲ್ಲಿ ಒಬ್ಬರ ಭುಜ ಬಿಟ್ಟು ಇನ್ನೊಬ್ಬರ ಭುಜ ಹಿಡಿಯುತ್ತಾ ಸಾಗಿದ ಹಾಗೆ.

ಇನ್ನು ಕುದಿಬಿಂದು. ಆಕ್ಸಿಜನ್‌ನ ಕುಟುಂಬದವರನ್ನು ಸಾಲಾಗಿ ನಿಲ್ಲಿಸಿ. ಟೆಲ್ಯೂರಿಯಂನ ಹೈಡ್ರೈಡ್ (ಹೈಡ್ರೋಜನ್ ಜೊತೆ ಸೇರಿ ಆದ ಸಂಯುಕ್ತ; ಆಕ್ಸಿಜನ್‌ನದು ನೀರು) ಮೈನಸ್ 2ರಲ್ಲಿ, ಸೆಲೆನಿಯಂನದು ಮೈನಸ್ 41ರಲ್ಲಿ, ಗಂಧಕದ್ದು ಮೈನಸ್ 60ರಲ್ಲಿ ಕುದಿಯುತ್ತವೆ. ಇದೇ ಇಳಿಜಾರಿನಲ್ಲಿ ಹೋದರೆ ನೀರು ಮೈನಸ್ 80ರ ಸುತ್ತಮುತ್ತ ಕುದಿಯಬೇಕಿತ್ತು. ಆಗ ವಿಜಯಪುರದ ಬೇಸಿಗೆಯ ಮಾತು ಬಿಡಿ, ಚಳಿಗಾಲದಲ್ಲೂ ಬಾವಿಯಲ್ಲಿ ಹನಿ ನೀರು ಇರುತ್ತಿರಲಿಲ್ಲ.

ಒಂದು ಎಚ್ಚರಿಕೆ. ಕೆಲವು ಅಣುಗಳಲ್ಲಿ ಕೆಂಪೂ ನೀಲಿಯೂ ಒಂದೇ ಅಣುವಿನಲ್ಲಿ ಅಕ್ಕಪಕ್ಕ ಬಂದು, ಬಂಧ ಒಳಗೇ ಆಗಿಬಿಡುತ್ತದೆ. ಆರ್ಥೋ ನೈಟ್ರೋಫಿನಾಲ್ ಹಾಗೆ. ಪಕ್ಕದವರಿಗೆ ಕೊಡಲು ಅದರ ಬಳಿ ಹೆಚ್ಚೇನೂ ಉಳಿಯುವುದಿಲ್ಲ, ಅದು 45 ಡಿಗ್ರಿಯಲ್ಲೇ ಕರಗುತ್ತದೆ. ಪ್ಯಾರಾ ನೈಟ್ರೋಫಿನಾಲ್‌ನಲ್ಲಿ ಎರಡೂ ದೂರ ದೂರ, ಬಂಧ ಹೊರಗೆ ಆಗುತ್ತದೆ, ಕರಗಲು 114 ಡಿಗ್ರಿ ಬೇಕು.

ಹೆಜ್ಜೆ 7: ಮನೆಯಲ್ಲಿ ಮಾಡಿ ನೋಡಿ

ನಾಣ್ಯದ್ದು ಸುಲಭ. ಒಂದು ರೂಪಾಯಿಯ ನಾಣ್ಯದ ಮೇಲೆ ಡ್ರಾಪರ್‌ನಿಂದ ನೀರು ಹನಿಸುತ್ತಾ ಎಣಿಸಿ. ಚೆಲ್ಲುವ ಮುಂಚೆ ನೀರು ಗುಮ್ಮಟದ ಹಾಗೆ ಉಬ್ಬಿ ನಿಲ್ಲುತ್ತದೆ. ಗೋಳಗುಮ್ಮಟದ ಊರಿನವರಿಗೆ ಇದು ಖುಷಿ ಕೊಡುವ ನೋಟ. ನಾಣ್ಯ ಒರೆಸಿ, ಈಗ ಸ್ಪಿರಿಟ್ (ಹೆಚ್ಚಿನಂಶ ಎಥೆನಾಲ್ ಇರುವುದು) ಹನಿಸಿ. ಬೇಗ ಚೆಲ್ಲುತ್ತದೆ. ಎಥೆನಾಲ್‌ಗೆ ಕೆಂಪು ಒಂದೇ, ನೀರಿಗೆ ಎರಡು. ಮೇಲ್ಮೈ ಎಳೆತ ನೀರಿನದು 72, ಎಥೆನಾಲ್‌ನದು 22, ಮೀಟರ್‌ಗೆ ಮಿಲಿನ್ಯೂಟನ್ ಲೆಕ್ಕದಲ್ಲಿ. ಸ್ಪಿರಿಟ್ ಮುಟ್ಟುವಾಗ ಒಲೆ ಆರಿಸಿರಬೇಕು.

ಮಣ್ಣಿನ ಹರವಿಯ ನೀರು ಏಪ್ರಿಲ್ ಬಿಸಿಲಲ್ಲೂ ತಣ್ಣಗಿರುವುದು ಇದೇ ಬಂಧದ ಕೆಲಸ. ಹೊರಮೈಗೆ ಜಿನುಗಿದ ನೀರು ಆರಬೇಕಾದರೆ ಅಣುಗಳು ಹಿಡಿತ ಬಿಡಿಸಿಕೊಳ್ಳಬೇಕು. ಗ್ರಾಂಗೆ ಸುಮಾರು 2,400 ಜೂಲ್ ಶಾಖ ಬೇಕು. ಅದರಲ್ಲಿ ಬಹುಪಾಲನ್ನು ಹರವಿಯೊಳಗಿನ ನೀರಿನಿಂದ ಕಿತ್ತುಕೊಳ್ಳುತ್ತವೆ. ಹೊರಗಿನ ಶಾಖ ಒಳಗೆ ಬರಲಿಲ್ಲ ಅಂತ ಹಿಡಿದರೆ, ಲೀಟರಿಗೆ ಬರೀ 10 ಗ್ರಾಂ ಆರಿದರೂ 5–6 ಡಿಗ್ರಿ ಇಳಿಯುತ್ತದೆ. ನಮ್ಮ ಕಡೆಯ ಒಣ ಹವೆಗೆ ಇದು ಚೆನ್ನಾಗಿ ಒಗ್ಗುತ್ತದೆ. ಕರಾವಳಿಯ ಬೆವರುವ ಹವೆಯಲ್ಲಿ ಅಷ್ಟು ನಡೆಯುವುದಿಲ್ಲ.

ಇಳಕಲ್ ಸೀರೆಯ ಹತ್ತಿಯ ಒಡಲಿಗೆ ಇಸ್ತ್ರಿ ಹಾಕುವಾಗ ನೀರು ಚಿಮುಕಿಸುತ್ತಾರಲ್ಲ, ಅದೂ ಹೀಗೆಯೇ. ಹತ್ತಿ ಅಂದರೆ ಸೆಲ್ಯುಲೋಸ್, ಮೈತುಂಬಾ ಓ–ಎಚ್. ಮುದುಡಿದಾಗ ಎಳೆಗಳು ಮುದುಡಿದ ಸ್ಥಿತಿಯಲ್ಲೇ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ನೀರು ನಡುವೆ ನುಗ್ಗಿ ಆ ಹಿಡಿತ ಬಿಡಿಸುತ್ತದೆ. ಬಿಸಿ ಇಸ್ತ್ರಿ ನೀರನ್ನು ಓಡಿಸುತ್ತದೆ. ಎಳೆಗಳು ಈಗ ನೆಟ್ಟಗೆ ಮಲಗಿದ ಸ್ಥಿತಿಯಲ್ಲಿ ಮತ್ತೆ ಹಿಡಿದುಕೊಳ್ಳುತ್ತವೆ.

ಕೊನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಎರಡು ಬಟ್ಟಲಿನಲ್ಲಿ ಸಮ ಸಮ ಜೋಳದ ಹಿಟ್ಟು ಹಾಕಿ. ಒಂದಕ್ಕೆ ತಣ್ಣೀರು, ಇನ್ನೊಂದಕ್ಕೆ ಕುದಿಯುವ ಎಸರು. ಕೈ ತಾಳುವಷ್ಟು ಆರಿದ ಮೇಲೆ ಎರಡನ್ನೂ ನಾದಿ, ಉಂಡೆ ಮಾಡಿ ಬಡಿದು ನೋಡಿ. ಗೋಧಿಯಲ್ಲಿ ಗ್ಲುಟೆನ್ ಇದೆ, ತಣ್ಣೀರಿನಲ್ಲೂ ಅಂಟುತ್ತದೆ. ಜೋಳದಲ್ಲಿ ಅದಿಲ್ಲ, ಪಿಷ್ಟವೇ ಗತಿ. ಪಿಷ್ಟದ ಕಣಗಳೊಳಗೆ ಸರಪಳಿಗಳು ತಮ್ಮ ಓ–ಎಚ್‌ಗಳಿಂದ ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ, ತಣ್ಣೀರಿಗೆ ದಾರಿ ಬಿಡುವುದಿಲ್ಲ. 70 ಡಿಗ್ರಿಯ ಆಸುಪಾಸಿನಲ್ಲಿ ಆ ಹಿಡಿತ ಸಡಿಲವಾಗುತ್ತದೆ. ಆಗ ನೀರಿನ ಅಣುಗಳು ಒಳಗೆ ನುಗ್ಗಿ ಸರಪಳಿಗಳ ಕೈ ಹಿಡಿಯುತ್ತವೆ, ಕಣ ಉಬ್ಬುತ್ತದೆ, ಹಿಟ್ಟಿಗೆ ಜಿಗಿ ಬರುತ್ತದೆ. ಬೇಯಿಸಿ ಇಟ್ಟ ರೊಟ್ಟಿಯಲ್ಲಿ ನೀರು ಆರಿದ ಹಾಗೆಲ್ಲ ಸರಪಳಿಗಳು ತಮ್ಮತಮ್ಮಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಖಡಕ್ ರೊಟ್ಟಿ ಖಡಕ್ ಆಗುವುದು ಹಾಗೆ.

ಇದನ್ನು ಹುಡುಗರ ಮುಂದೆ ಅಡುಗೆಮನೆಯಲ್ಲೇ ಮಾಡಿ ತೋರಿಸುತ್ತಿದ್ದೆ. ಅವ್ವ ಬಂದು ಎರಡೂ ಉಂಡೆ ಹಿಚುಕಿ ನೋಡಿದಳು. ತಣ್ಣೀರಿನದನ್ನು ಬದಿಗೆ ಸರಿಸಿ, "ಇದ್ರಾಗ ಜಿಗಿನ ಇಲ್ಲ, ಬಡದ್ರ ಹರಿತೈತಿ. ದನಕ್ಕ ಹಾಕ್ ಹೋಗು" ಅಂದಳು. ಎಸರಿನ ಉಂಡೆ ಮಾತ್ರ ಹಂಚಿಗೆ ಹೋಯಿತು.